ಅರ್ಧ ದಾಟಿದ ಮೇಲೆ

ಆಗಸ್ಟ್ ೨೮, ಶುಕ್ರವಾರ

ಪ್ರೀತಿಯ ಅತ್ತೆಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಬಹಳ ದಿನಗಳಾದವು. ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಉಪ್ಪು ತೆಗೆಯಲು ಹೋದಾಗಲೆಲ್ಲ ಅದು ಕೆಳಗೆ ಬೀಳುತ್ತದೆ, ನಾನು ಎತ್ತಿ ಮತ್ತೆ ಒರಗಿಸುತ್ತೇನೆ. ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ನೀವು ನಂಬುವವರಲ್ಲ. ಏನು ಬರೆಯಬೇಕೆಂದು ಗೊತ್ತಿತ್ತು. ಹೇಗೆ ಬರೆಯಬೇಕೆಂದು ಗೊತ್ತಿರಲಿಲ್ಲ.

ನಿಮ್ಮ ಕಿವಿಯ ಹೊಸ ಯಂತ್ರದ ಸಮಾಚಾರ ಓದಿ ಒಬ್ಬಳೇ ನಕ್ಕೆ. ಮನೆಯವರ ಮಾತು ಒಂದೂ ಕೇಳಿಸದೆ ಪಕ್ಕದ ಮನೆಯ ಜಗಳ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ ಎಂದರೆ ಅದು ಕೆಟ್ಟ ಯಂತ್ರವಲ್ಲ ಅತ್ತೆ, ನಿಮ್ಮ ಅಭಿರುಚಿ ಅರಿತ ಯಂತ್ರ. ದಯವಿಟ್ಟು ಹಿಂದಿರುಗಿಸಬೇಡಿ. ಇಲ್ಲಿ ನಾನೂ ನಿಮ್ಮ ಮೊಮ್ಮಗಳು ಮಿಡತೆಯೂ ಕ್ಷೇಮ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಎರಡು ವಾರವಾಯಿತು. ನಾಲ್ಕನೆಯ ಮಹಡಿಗೆ ಹತ್ತಿ ಇಳಿದು ನನ್ನ ಮಂಡಿಯೂ ಈಗ ನಿಮ್ಮ ಮಂಡಿಯ ಜಾತಿಗೆ ಸೇರಿದೆ.

ಮೂರು ಪುಟ ಊರಿನ ಸುದ್ದಿ ಬರೆದು, ಕೊನೆಯಲ್ಲಿ ಸಹಿಗಿಂತ ಮೇಲೆ ಒಂದೇ ಸಾಲು ಬರೆದಿದ್ದೀರಿ. "ವಿಮಾನವನ್ನು ನೀನೇ ವಾಪಸ್ ಕರೆಸಿದೆ ಅಂತ ಮಿಡತೆ ಫೋನಿನಲ್ಲಿ ಹೇಳಿದಳು. ಹೌದೇ?" ಅಷ್ಟೇ. ಅದರಲ್ಲಿ ಬೈಗುಳವಿಲ್ಲ, ಉಪದೇಶವೂ ಇಲ್ಲ. ಆ "ಹೌದೇ" ಎನ್ನುವುದನ್ನು ನೀವು ಯಾವ ಮುಖ ಇಟ್ಟುಕೊಂಡು ಬರೆದಿರಿ ಎಂದು ಊಹಿಸುತ್ತಲೇ ಇಷ್ಟು ದಿನ ಕಳೆದೆ.

ಬೇರೆ ಯಾರೇ ಕೇಳಿದ್ದರೂ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ನಿಮಗೆ ಹಾಗೆ ಮಾಡಲಾರೆ. ನಾನೂ ನಿಮ್ಮ ಮಗನೂ ಬೇರೆಯಾದ ವರ್ಷ ನೀವು ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದು ನೆನಪಿದೆಯೇ? "ಆ ಕೋರ್ಟಿನ ಕಾಗದಾನ ನಾನೂ ಓದಿ ನೋಡ್ದೆ ಕಣೇ. ಗಂಡ ಅಂತಿದೆ, ಹೆಂಡತಿ ಅಂತಿದೆ, ಮಗು ಅಂತಿದೆ. ಅತ್ತೆ ಅಂತ ಎಲ್ಲೂ ಇಲ್ಲ. ಹಾಗಾಗಿ ನಿನ್ನ ನಾನು ಬಿಡೋ ಹಾಗಿಲ್ಲ." ಅವತ್ತಿನಿಂದ ನಿಮಗೆ ಕಾಗದ ಬರೆಯುವಾಗ ನಾನು ಯಾವುದನ್ನೂ ಮುಚ್ಚಿಟ್ಟಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಬೇರೆ ರೀತಿ ನನಗೆ ಬರುವುದೂ ಇಲ್ಲ.

ಮೊದಲು ದಾರಿಯ ವಿಷಯ. ನಮ್ಮ ನಿಲ್ದಾಣದಿಂದ ನಿಮ್ಮ ನಿಲ್ದಾಣಕ್ಕೆ ಆರೂವರೆ ಸಾವಿರ ಕಿಲೋಮೀಟರ್. ನಡುವೆ ಎಲ್ಲವೂ ಸಮುದ್ರ, ಒಂದು ದ್ವೀಪ ಬಿಟ್ಟರೆ. ಅಷ್ಟು ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ನಿಮ್ಮ ಕಡೆಯಿಂದ ನಮ್ಮ ಕಡೆಗೆ ಬೀಸುತ್ತದೆ. ಹಾಗಾಗಿ ಇಲ್ಲಿಂದ ಅಲ್ಲಿಗೆ ಹೋಗಲು ಎಂಟೂವರೆ ಗಂಟೆ ಬೇಕು. ಅಲ್ಲಿಂದ ಇಲ್ಲಿಗೆ ಏಳು ಗಂಟೆಯೂ ಬೇಡ. ಮಿಡತೆ ಆರು ವರ್ಷದವಳಿದ್ದಾಗ ಇದನ್ನು ಪತ್ತೆಮಾಡಿ, "ಅಪ್ಪನ ಮನೆ ದೂರ, ನಮ್ಮನೆ ಹತ್ತಿರ" ಎಂದಿದ್ದಳು. ಇಲ್ಲ ಪುಟ್ಟಾ, ದೂರ ಒಂದೇ, ಹೊತ್ತು ಬೇರೆ ಎಂದು ನಾನು ವಿವರಿಸತೊಡಗಿದೆ. ತಿರುಗಿ ನೋಡಿದರೆ ನಿದ್ದೆ ಹೋಗಿದ್ದಳು.

ಈ ವರ್ಷ ಅವಳೇ ಬಾಯಿ ತೆರೆದು ಕೇಳಿದಳು, ನಿಮಗೆ ಗೊತ್ತೇ ಇದೆ. ಬೆಳಗಿನ ತಿಂಡಿಯ ಹೊತ್ತು. ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಸುತ್ತ ಜೋಡಿಸುತ್ತಾ, "ಅಮ್ಮಾ, ನಾನು ಒಂದು ವರ್ಷ ಅಪ್ಪನ ಹತ್ರ ಇದ್ದು ಓದ್ಲಾ? ಅಜ್ಜಿನೂ ಇರ್ತಾರೆ" ಎಂದಳು. ನಾನು ಲೋಟ ತೊಳೆದೆ. ಒರೆಸಿದೆ. ಯೋಚಿಸೋಣ ಎಂದೆ. ಅವಳಿಗೆ ಹತ್ತು ವರ್ಷ, ಕೇಳುವ ಹಕ್ಕಿದೆ. ಅಳುವ ತಾಯಿಯನ್ನು ಹಿಂದೆ ಬಿಟ್ಟು ಹೋಗುವ ಮಗು ಎಲ್ಲಿಗೂ ಪೂರ್ತಿಯಾಗಿ ಹೋಗುವುದಿಲ್ಲ ಎಂದು ನನಗೆ ಗೊತ್ತು. ನನ್ನ ತಾಯಿ ಹಾಗೆ ಅಳುತ್ತಿದ್ದರು. ಆದ್ದರಿಂದ ಎರಡೂ ಶಾಲೆಯವರ ಹತ್ತಿರ ಮಾತಾಡಿ, ನಿಮ್ಮ ಮಗನ ಹತ್ತಿರವೂ ಮಾತಾಡಿ, ಆ ವಾರದ ಕೊನೆಗೆ ನಗುಮುಖ ಮಾಡಿಕೊಂಡೇ ಹೇಳಿದೆ: "ಸರಿ, ಹೋಗ್ಬಾ. ಒಳ್ಳೇದೇ ಆಗುತ್ತೆ."

"ಅಷ್ಟೇನಾ?" ಎಂದಳು.

"ಇನ್ನೇನು ಬೇಕು?"

"ಏನಿಲ್ಲ."

ಒಪ್ಪಿಗೆ ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದು ಆಶ್ಚರ್ಯಪಟ್ಟಿದ್ದಾಳೆ ಎಂದುಕೊಂಡೆ.

ಇನ್ನು ಆ ದಿನ. ಬೆಳಿಗ್ಗೆ ಎಂಟರ ವಿಮಾನ. ಒಂಟಿಯಾಗಿ ಹೋಗುವ ಮಕ್ಕಳಿಗೆ ಕೊರಳಿಗೆ ಹಾಕುವ ಹಳದಿ ಚೀಲ ಹಾಕಿಕೊಂಡು, ಗಗನಸಖಿಯ ಕೈ ಹಿಡಿದು ಒಳಗೆ ಹೋದಳು. ಪ್ರತಿಸಲ ತಿರುವಿನಲ್ಲಿ ಒಮ್ಮೆ ಮಿಡತೆಯ ಹಾಗೆ ಎಗರಿ ಕೈ ಬೀಸುವವಳು ಅವತ್ತು ಎಗರಲಿಲ್ಲ. ದೊಡ್ಡವಳಾಗಿದ್ದಾಳೆ ಎಂದುಕೊಂಡು ನಾನು ಮೇಲೆ ನಮ್ಮ ಕೆಲಸದ ಕೋಣೆಗೆ ಹೋದೆ.

ನಮ್ಮ ಡಿಸ್ಪ್ಯಾಚ್ ಕೋಣೆಯನ್ನು ನೀವು ನೋಡಿಲ್ಲ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಎಂಟು ಮೇಜು, ಗೋಡೆಯ ತುಂಬ ನಕ್ಷೆ. ಯಾವ ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಸಹಿ ಮಾಡಿ, ಅದು ಇಳಿಯುವವರೆಗೂ ಕಣ್ಣಿಟ್ಟಿರುವುದು ನಮ್ಮ ಕೆಲಸ. ಅಲ್ಲಿ ಒಂದು ಪದ್ಧತಿ ಇದೆ, ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ್ದು. ಸ್ವಂತದವರು ಕೂತ ವಿಮಾನವನ್ನು ನಾವು ಮುಟ್ಟುವುದಿಲ್ಲ. ಪಕ್ಕದವರಿಗೆ ಕೊಟ್ಟುಬಿಡುತ್ತೇವೆ. ಮಗಳು ಹೋಗಿಬರುವ ದಿನಗಳಲ್ಲಿ ಆ ವಿಮಾನವನ್ನು ನೋಡಿಕೊಳ್ಳುವವರು ಪಕ್ಕದ ಮೇಜಿನ ಮೋಡಣ್ಣ. ಅವರು ಹಿಂದೆ ಹವಾಮಾನ ವಿಭಾಗದಲ್ಲಿದ್ದರು, ಹೆಸರು ಅಲ್ಲಿಂದ ಅಂಟಿಕೊಂಡು ಬಂದದ್ದು. ಮುಖವೂ ಹೆಸರಿಗೆ ತಕ್ಕ ಹಾಗೆ ಯಾವಾಗಲೂ ಇನ್ನೇನು ಸುರಿಯುತ್ತದೆ ಎನ್ನುವಂತಿರುತ್ತದೆ.

ಮಧ್ಯಾಹ್ನ ಮೋಡಣ್ಣ ಊಟದ ಡಬ್ಬಿ ಹಿಡಿದು ಎದ್ದರು.

"ನನ್ನ ಮೇಜು ಸ್ವಲ್ಪ ನೋಡ್ಕೊಳಮ್ಮ. ಹತ್ತೇ ನಿಮಿಷ."

"ನನ್ನ ಮಗಳ ವಿಮಾನ ಇದೆಯಲ್ಲ ಮೋಡಣ್ಣ."

"ಸಮುದ್ರದ ಮಧ್ಯ ಅದಕ್ಕೇನು ಸಿಗ್ನಲ್ ಲೈಟ್ ಬರುತ್ತಾ? ಸುಮ್ನೆ ಕೂತ್ಕೊ. ಇವತ್ತು ನನ್ನವಳು ಮೊಟ್ಟೆ ಪಲ್ಯ ಹಾಕಿದ್ದಾಳೆ, ಆರಿದ್ರೆ ರಬ್ಬರ್ ಆಗುತ್ತೆ."

ಅವರು ಬಾಗಿಲು ದಾಟಿರಬೇಕು, ಅಷ್ಟೇ, ಉಪಗ್ರಹದ ಫೋನು ಬಡಿದುಕೊಂಡಿತು. ಕ್ಯಾಪ್ಟನ್ ದನಿ. ಹನ್ನೆರಡನೆಯ ಸಾಲಿನ ಪ್ರಯಾಣಿಕರೊಬ್ಬರಿಗೆ ಎದೆನೋವು. ಕನ್ನಡಕದ ಅಂಗಡಿ ಇಟ್ಟಿರುವ ವಯಸ್ಸಾದವರು. ವಿಮಾನದಲ್ಲೇ ಇದ್ದ ವೈದ್ಯೆಯೊಬ್ಬರು ನೋಡಿ, ಆದಷ್ಟು ಬೇಗ ಇಳಿಸಿ ಎನ್ನುತ್ತಿದ್ದಾರೆ. ದ್ವೀಪದಲ್ಲಿ ಇಳಿಯಬಹುದೇ?

ದ್ವೀಪದಲ್ಲಿ ಅವತ್ತು ಬೆಳಗಿನಿಂದ ದಟ್ಟ ಮಂಜು, ಓಡುದಾರಿ ಮುಚ್ಚಿತ್ತು. ಉಳಿದದ್ದು ಎರಡೇ. ಮುಂದೆ ನಿಮ್ಮ ಊರು, ಇಲ್ಲವೇ ಹಿಂದೆ ನಮ್ಮ ಊರು.

ಅತ್ತೆ, ನಾನು ತಕ್ಷಣ ಎದ್ದು ನಿಂತೆ. ಹಿರಿಯರನ್ನು ಕೂಗಿದೆ. ಪಾಳಿಯ ಮೇಲ್ವಿಚಾರಕರನ್ನು ನಾವು ಹಾಗೆ ಕರೆಯುತ್ತೇವೆ, ಅವರು ನನಗಿಂತ ಎರಡು ವರ್ಷ ಚಿಕ್ಕವರು. "ಇದರಲ್ಲಿ ನನ್ನ ಮಗಳಿದ್ದಾಳೆ. ನಾನು ಮಾಡಬಾರದು" ಎಂದೆ.

ಅವರು ಕುರ್ಚಿ ಎಳೆದುಕೊಂಡು ಬಂದು ಕೂತರು. "ಮೋಡಣ್ಣನ್ನ ಕ್ಯಾಂಟೀನಿಂದ ಕರೆಸೋಷ್ಟರಲ್ಲಿ ಆ ಮನುಷ್ಯನ ಗತಿ ಏನು? ಕೂತ್ಕೊಳ್ಳಿ. ನೀವೂ ಲೆಕ್ಕ ಹಾಕಿ, ನಾನೂ ಹಾಕ್ತೀನಿ. ಒಬ್ಬರದ್ದು ಒಬ್ಬರು ನೋಡೋದು ಬೇಡ. ತಾಳೆ ಆದ್ರೆ ಹೇಳೋಣ."

ಇಬ್ಬರೂ ಹಾಕಿದೆವು. ವಿಮಾನ ಅರ್ಧ ದಾರಿಯನ್ನು ದಾಟಿತ್ತು, ನೂರು ಕಿಲೋಮೀಟರಿನಷ್ಟು. ಉಳಿದ ದೂರ ಬಂದ ದೂರಕ್ಕಿಂತ ಕಡಿಮೆ. ಆದರೆ ಮುಂದೆ ಹೋಗಬೇಕಾದರೆ ಆ ಗಾಳಿಗೆ ಎದೆ ಕೊಟ್ಟು ಹೋಗಬೇಕು, ನಾಲ್ಕು ಗಂಟೆಯ ಮೇಲೆ ಹಿಡಿಯುತ್ತದೆ. ತಿರುಗಿದರೆ ಅದೇ ಗಾಳಿ ಬೆನ್ನಿಗೆ ಬರುತ್ತದೆ, ಮೂರೂವರೆ ಗಂಟೆಯೊಳಗೆ ಇಲ್ಲಿ ನೆಲ. ಅರ್ಧ ಗಂಟೆಗೂ ಮೀರಿದ ವ್ಯತ್ಯಾಸ. ನೋಯುವ ಎದೆಗೆ ಅದು ಸಣ್ಣದಲ್ಲ. ಪ್ರತಿ ದಾರಿಯಲ್ಲೂ ಇಂಥದೊಂದು ಬಿಂದು ಇರುತ್ತದೆ ಅತ್ತೆ, ಎಲ್ಲಿಂದ ಮುಂದೆ ಹೋಗಲೂ ಹಿಂದೆ ಬರಲೂ ಒಂದೇ ಹೊತ್ತು ಬೇಕೋ ಅಂಥ ಬಿಂದು. ಎದುರುಗಾಳಿ ಇದ್ದಾಗ ಅದು ದಾರಿಯ ನಟ್ಟನಡುವೆ ಇರುವುದಿಲ್ಲ, ಅರ್ಧಕ್ಕಿಂತ ಸಾಕಷ್ಟು ಆಚೆ ಇರುತ್ತದೆ. ವಿಮಾನ ಅರ್ಧವನ್ನು ದಾಟಿತ್ತು. ಆ ಬಿಂದುವನ್ನು ಇನ್ನೂ ದಾಟಿರಲಿಲ್ಲ.

ನಮ್ಮಿಬ್ಬರ ಲೆಕ್ಕ ತಾಳೆಯಾಯಿತು. ಆದರೂ ನಾನು ಇನ್ನೊಮ್ಮೆ ಹಾಕಿದೆ. ಉತ್ತರ ನನಗೆ ಬೇಕಾದದ್ದೇ ಬಂದಿತ್ತು. ಬೇಕಾದದ್ದೇ ಬಂದ ಉತ್ತರದ ಮೇಲೆ ನನಗೆ ನಂಬಿಕೆ ಕಡಿಮೆ.

"ಹಿಂದಕ್ಕೆ ಬನ್ನಿ" ಎಂದು ಹೇಳಿದೆ.

"ನಮ್ಮ ಯಂತ್ರಾನೂ ಅದೇ ಹೇಳ್ತಿದೆ. ತಿರುಗ್ತಾ ಇದ್ದೀವಿ" ಎಂದರು ಕ್ಯಾಪ್ಟನ್.

ನಕ್ಷೆಯ ಮೇಲೆ ಆ ಪುಟ್ಟ ಗುರುತು ನಿಧಾನಕ್ಕೆ ಮೂಗು ತಿರುಗಿಸುವುದನ್ನು ನೋಡುತ್ತಾ ಕೂತೆ. ಅಷ್ಟರಲ್ಲಿ ಮೋಡಣ್ಣ ಡಬ್ಬಿ ಹಿಡಿದುಕೊಂಡೇ ಓಡಿ ಬಂದು, "ಅಯ್ಯೋ, ಹತ್ತು ನಿಮಿಷ ಬಿಟ್ಟು ಹೋದ್ರೆ ವಿಮಾನಾನೇ ತಿರುಗಿಸಿಬಿಡೋದಾ!" ಎಂದರು. ಯಾರೂ ನಗಲಿಲ್ಲ. ನನ್ನನ್ನು ಎಬ್ಬಿಸಿ ಅವರೇ ಕೂತರು.

ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಇಳಿಯಿತು. ಆಂಬ್ಯುಲೆನ್ಸ್ ಕಾಯುತ್ತಿತ್ತು. ಕನ್ನಡಕದ ಅಂಗಡಿಯವರು ಬದುಕಿದ್ದಾರೆ, ಆಸ್ಪತ್ರೆಯಿಂದ ಮನೆಗೂ ಹೋಗಿದ್ದಾರೆ ಎಂದು ಹಿರಿಯರು ಆಮೇಲೆ ವಿಚಾರಿಸಿ ಹೇಳಿದರು. ನಿಮ್ಮ ಊರು ಮುಟ್ಟಲು ಎಷ್ಟು ಹೊತ್ತು ಬೇಕೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಾರಿ ನಿಮ್ಮ ಮೊಮ್ಮಗಳು ಹೊರಟಲ್ಲಿಗೇ ಬಂದಿದ್ದಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು, ಹಳದಿ ಚೀಲ ಬೆನ್ನಿಗೆ ಹೋಗಿತ್ತು. ನನ್ನನ್ನು ಕಂಡವಳೇ ಅಲ್ಲೇ ನಿಂತಳು.

"ನೀನೇ ತಾನೇ ಕರೆಸಿದ್ದು?"

"ಇಲ್ಲ ಪುಟ್ಟಾ. ಪಾಪ, ಯಾರಿಗೋ ಹುಷಾರಿರಲಿಲ್ಲ."

"ಅದು ಗೊತ್ತು. ಆದ್ರೆ ನಾವು ಅರ್ಧ ದಾಟಿದ್ವಿ. ಸೀಟಿನ ಪರದೆ ಮೇಲೆ ತೋರಿಸ್ತಿತ್ತು, ನಾನೇ ನೋಡ್ದೆ. ಅಪ್ಪನ ಊರೇ ಹತ್ತಿರ ಇತ್ತು. ಆದ್ರೂ ಇಲ್ಲಿಗೇ ಬಂತು. ನೀನೇ ಕರೆಸಿದ್ದು."

ಜನರ ಮಧ್ಯೆ ನಿಂತು ವಾದ ಮಾಡುವುದು ಬೇಡವೆಂದು ಅವಳ ಪೆಟ್ಟಿಗೆ ಎಳೆದುಕೊಂಡು ಕಾರಿನ ಕಡೆ ನಡೆದೆ. ಕಾರಿನಲ್ಲಿ ಕೂತಿದ್ದಾಗ ನಿಮ್ಮ ಮಗನ ಫೋನು ಬಂತು. ಅವರು ಕೂಗಾಡುವವರಲ್ಲ, ನಿಮಗೆ ಗೊತ್ತು. ಅವತ್ತೂ ಕೂಗಾಡಲಿಲ್ಲ. ಮಗಳು ಹೇಗಿದ್ದಾಳೆಂದು ಕೇಳಿದರು. ಆಮೇಲೆ, "ಆ ಹೊತ್ತಲ್ಲಿ ಮೇಜಿನ ಹತ್ರ ನೀನೇ ಕೂತಿದ್ಯಂತೆ. ಬೇರೆ ಯಾರೂ ಇರ್ಲಿಲ್ವಾ?" ಎಂದರು. ನಾನು ಗಾಳಿಯ ವೇಗ ಹೇಳತೊಡಗಿದೆ. "ಬಿಡು, ನಾನೇನೂ ಹೇಳ್ತಿಲ್ಲ" ಎಂದರು. ಏನೂ ಹೇಳದೆ ಎಷ್ಟು ಹೇಳಬಹುದೋ ಅಷ್ಟೂ ಹೇಳಿಯಾಗಿತ್ತು.

ಮಾರನೆಯ ದಿನ ಎದ್ದು ನೋಡಿದರೆ ಮಿಡತೆ ಪೆಟ್ಟಿಗೆಯಲ್ಲಿದ್ದ ಬಟ್ಟೆಯನ್ನೆಲ್ಲ ತೆಗೆದು ಅವಳ ಕಪಾಟಿನಲ್ಲಿ ಜೋಡಿಸುತ್ತಿದ್ದಳು. ಮುಂದಿನ ವಾರದ ವಿಮಾನಕ್ಕೆ ಸೀಟು ಇದೆಯಂತೆ, ಅದರಲ್ಲಿ ಹೋಗುವಿಯಂತೆ ಎಂದೆ.

"ನಾನು ಹೋಗಲ್ಲ."

"ಯಾಕೆ?"

"ಹೋದ್ರೆ ಮತ್ತೆ ಕರೆಸ್ತೀಯ. ಸುಮ್ನೆ ಯಾಕೆ ಅಷ್ಟು ದೂರ ಹೋಗಿ ಬರೋದು?" ಎಂದು ಕಾಲುಚೀಲ ಮಡಿಸತೊಡಗಿದಳು.

ಆಮೇಲೆ ಆ ಮಾತು ನಿಲ್ಲಲೇ ಇಲ್ಲ ಅತ್ತೆ. ನಿಮಗೆ ಫೋನಿನಲ್ಲಿ ಹೇಳಿದಳು. ಕೆಳಗಿನ ಮನೆಯ ಟೀಚರಿಗೆ ಹೇಳಿದಳು. ಕೊನೆಗೆ ಲಿಫ್ಟ್ ರಿಪೇರಿಗೆ ಬಂದವನಿಗೂ ಹೇಳಿದಳು: "ಅಂಕಲ್, ನಮ್ಮಮ್ಮ ಮುನ್ನೂರು ಜನ ಇದ್ದ ವಿಮಾನಾನ ವಾಪಸ್ ಕರೆಸಿದ್ಲು ಗೊತ್ತಾ?" ಅವನು ಸ್ಪ್ಯಾನರ್ ಹಿಡಿದವನೇ ನನ್ನ ಕಡೆ ತಿರುಗಿ, "ಹಂಗಾದ್ರೆ ಈ ಲಿಫ್ಟನ್ನೂ ಒಂದ್ಸಲ ಮೇಲಕ್ಕೆ ಕರೆಸಿ ಅಮ್ಮಾ, ನನ್ ಮಾತಂತೂ ಕೇಳ್ತಿಲ್ಲ" ಎಂದ. ನಾನು ನಕ್ಕ ಹಾಗೆ ಮಾಡಿ ಒಳಗೆ ಬಂದೆ. ಮುಖ ಉರಿಯುತ್ತಿತ್ತು. ಈ ಮಾತು ಕಚೇರಿಗೆ ಮುಟ್ಟಿದರೆ ಏನಾದೀತು ಎನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ನನ್ನ ಮಗಳು ನನ್ನನ್ನು ಹೀಗೆ ತಿಳಿದುಕೊಂಡು ಬೆಳೆಯುತ್ತಾಳಲ್ಲ ಎಂಬುದು. ತನ್ನಾಸೆಗಾಗಿ ಒಬ್ಬ ರೋಗಿಯನ್ನು ನೆಪ ಮಾಡಿಕೊಂಡು, ತಂದೆಯ ಹತ್ತಿರ ಹೊರಟ ಮಗುವನ್ನು ಆಕಾಶದಿಂದಲೇ ಎಳೆದು ತಂದ ತಾಯಿ! ಆ ವರ್ಷವನ್ನು ನಾನು ಕೊಟ್ಟ ಹಾಗೆ ಮಾಡಿ ಕಸಿದುಕೊಂಡೆ ಎಂದು ನೀವೂ ನಿಮ್ಮ ಮಗನೂ ತಿಳಿದರೆ ನನಗೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಅವಳು ಹೋಗಲೇಬೇಕು, ನನ್ನ ಮೇಲಿನ ಕೋಪಕ್ಕೆ ತನ್ನ ಆಸೆಯನ್ನು ಬಿಟ್ಟುಕೊಡಬಾರದು ಎಂದು ತೀರ್ಮಾನಿಸಿದೆ.

ಮೊದಲು ಕಾಗದದ ಮೇಲೆ ಗೆರೆ ಎಳೆದು, ಗಾಳಿಗೆ ಬಾಣ ಹಾಕಿ ವಿವರಿಸಿದೆ. ಕೇಳಿದಳು. "ಬಾಣ ಎಲ್ಲಾ ನೀನೇ ಬರೆದದ್ದಲ್ವಾ" ಎಂದಳು. ಅದೂ ಸರಿಯೇ.

ಹೋದ ಭಾನುವಾರ ಅವಳನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಎರಡು ಕಟ್ಟಡಗಳ ನಡುವೆ ಒಂದು ಉದ್ದ ಮೊಗಸಾಲೆ ಇದೆ. ಅಲ್ಲಿ ನಿಂತವರನ್ನೂ ಮುಂದಕ್ಕೆ ಒಯ್ಯುವ ರಬ್ಬರಿನ ಪಟ್ಟಿ ಇದೆಯಲ್ಲ, ನೀವು ಬಂದಾಗ "ಇದು ನೆಲವೋ ಹಾವೋ" ಎಂದು ಹತ್ತಲು ಒಪ್ಪಲಿಲ್ಲವಲ್ಲ, ಅದು. ಆ ಹೊತ್ತಿಗೆ ಅಲ್ಲಿ ಜನ ಇರುವುದಿಲ್ಲ. ಪಟ್ಟಿ ನಮ್ಮ ಕಡೆಗೆ ಬರುವ ತುದಿಯಲ್ಲಿ ನಿಂತು ಹೇಳಿದೆ: "ಇದೇ ಗಾಳಿ ಅಂತ ತಿಳ್ಕೊ. ನೀನು ವಿಮಾನ. ಆ ತುದಿ ಅಪ್ಪನ ಊರು, ಈ ತುದಿ ನಾನು. ನಡಿ, ಓಡಬಾರದು."

ಅವಳು ಎದುರಾಗಿ ನಡೆದಳು. ಎರಡು ಹೆಜ್ಜೆ ಹೋದರೆ ಒಂದು ಹೆಜ್ಜೆ ಹಿಂದೆ. ಅಷ್ಟರಲ್ಲಿ ಕಾವಲಿನವನೊಬ್ಬ ಎಲ್ಲಿಂದಲೋ ಪ್ರತ್ಯಕ್ಷನಾದ.

"ಏಯ್ ಪಾಪು, ಅದೇನು ಆಟ ಆಡೋ ಜಾಗಾನಾ? ಮೇಡಂ, ದೊಡ್ಡವರು ನೀವಾದ್ರೂ ಹೇಳಬಾರ್ದಾ?"

ನಾನು ಕೊರಳಿನ ಗುರುತಿನ ಚೀಟಿ ತೋರಿಸಿ, "ಪಾಠ ನಡೀತಿದೆ, ಎರಡೇ ನಿಮಿಷ" ಎಂದೆ. ಅವನು ಚೀಟಿ ನೋಡಿದ, ನನ್ನ ಮುಖ ನೋಡಿದ, ಓದಿದವರ ಹಣೆಬರಹವೇ ಇಷ್ಟು ಎನ್ನುವ ಹಾಗೆ ತಲೆಯಾಡಿಸಿ ಅಲ್ಲೇ ನಿಂತುಕೊಂಡ.

ಅರ್ಧ ದಾಟಿದ ಮೇಲೆ "ನಿಲ್ಲು" ಎಂದು ಕೂಗಿದೆ. "ಈಗ ಹೇಳು. ಯಾವ ತುದಿ ಹತ್ತಿರ?"

"ಅಪ್ಪನ ತುದಿ" ಎಂದು ಅವಳು ಕೂಗಿದಳು. ನಿಂತದ್ದರಿಂದ ಆಗಲೇ ನನ್ನ ಕಡೆ ಜಾರಿಬರುತ್ತಿದ್ದಳು.

"ಈಗ ಯಾವ ತುದಿಗೆ ಬೇಗ ಮುಟ್ತೀಯ?"

ಅವಳು ತಿರುಗಿ ನಡೆದಳು. ಪಟ್ಟಿ ಅವಳನ್ನು ಎತ್ತಿ ತಂದ ಹಾಗೆ ಕ್ಷಣದಲ್ಲಿ ನನ್ನ ಮುಂದೆ ಇದ್ದಳು. ಮತ್ತೆ ಹತ್ತಿದಳು. ಈ ಸಲ ಅರ್ಧ ದಾಟಿದ ಮೇಲೂ ನಿಲ್ಲದೆ ಆ ತುದಿಯವರೆಗೆ ಹೋದಳು. ಎಷ್ಟು ಹೊತ್ತು ಹಿಡಿಯಿತು ಎಂದರೆ ಕಾವಲಿನವನೂ ಕುತೂಹಲದಿಂದ ನೋಡತೊಡಗಿದ. "ಹೋಗು ಪಾಪು, ಹೋಗು, ಇನ್ನೇನು ಬಂತು" ಎಂದು ಅವನೇ ಹುರಿದುಂಬಿಸಿದ. ವಾಪಸ್ಸು ಪಕ್ಕದ ಸಾಮಾನ್ಯ ನೆಲದ ಮೇಲೆ ನಡೆದು ಬಂದಳು. ಉಸಿರು ಹತ್ತಿತ್ತು.

"ಗೊತ್ತಾಯ್ತು" ಎಂದಳು.

"ಲೆಕ್ಕ ಸರಿ ಇದೆಯಾ?"

"ಸರಿ ಇದೆ. ಗಾಳಿಯಿಂದ."

"ಹೌದು, ಗಾಳಿಯಿಂದ."

"ನೀನಲ್ಲ."

"ನಾನಲ್ಲ ಪುಟ್ಟಾ. ಹಿರಿಯರೂ ಲೆಕ್ಕ ಹಾಕಿದ್ರು, ಕ್ಯಾಪ್ಟನ್ನೂ ಹಾಕಿದ್ರು. ಆ ಮೇಜಿನಲ್ಲಿ ಯಾರು ಕೂತಿದ್ರೂ ಅದನ್ನೇ ಹೇಳ್ತಿದ್ರು."

"ಯಾರು ಕೂತಿದ್ರೂ?"

"ಯಾರು ಕೂತಿದ್ರೂ."

ತಲೆಯಾಡಿಸಿದಳು. ಆ ದಿನವೇ ಮನೆಗೆ ಬಂದು ಪೆಟ್ಟಿಗೆ ಎಳೆದುಕೊಂಡು ಬಟ್ಟೆ ತುಂಬತೊಡಗಿದಳು. ನಾನು ಹೇಳಬೇಕಾಗಲೇ ಇಲ್ಲ. "ಮುಂದಿನ ಭಾನುವಾರದ ವಿಮಾನಕ್ಕೇ ಹೋಗ್ತೀನಿ" ಎಂದಳು. ಆಮೇಲೆ ಯಾರ ಹತ್ತಿರವೂ ಆ ಮಾತು ಎತ್ತಿಲ್ಲ. ಲಿಫ್ಟಿನವನೇ "ಏನಮ್ಮಾ, ಇವತ್ತು ಯಾವ ವಿಮಾನ ಕರೆಸಿದ್ರು ನಿಮ್ಮಮ್ಮ?" ಎಂದು ಕೇಳಿದರೆ, "ಅದು ಗಾಳಿ ಅಂಕಲ್" ಎಂದು ಮೆಟ್ಟಿಲು ಹತ್ತಿ ಹೋದಳು. ಈ ವಾರ ಒಳ್ಳೆಯ ಹುಡುಗಿಯಾಗಿ ಊಟ ಮಾಡುತ್ತಾಳೆ, ಕರೆದರೆ ಬರುತ್ತಾಳೆ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಗಿದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು ಅತ್ತೆ: ಅಲ್ಲ, ನಾನು ಕರೆಸಲಿಲ್ಲ. ಇದನ್ನು ನಿಮ್ಮ ಮಗನಿಗೂ ಓದಲು ಕೊಡಿ. ಅವರು ನಂಬುತ್ತಾರೆ. ಲೆಕ್ಕದ ವಿಷಯದಲ್ಲಿ ನಮ್ಮಿಬ್ಬರಿಗೂ ಯಾವತ್ತೂ ಜಗಳವಾಗಿಲ್ಲ.

ಈ ಕಾಗದವನ್ನು ಮಿಡತೆಯ ಹಳದಿ ಚೀ‌ಲದಲ್ಲೇ ಇಟ್ಟು ಕಳಿಸುತ್ತೇನೆ, ಅಂಚೆಗಿಂತ ಬೇಗ ಸಿಗುತ್ತದೆ. ಅವಳ ವಿಷಯದಲ್ಲಿ ಒಂದೆರಡು ಮಾತು. ಹಲ್ಲುಜ್ಜಿದೆ ಎಂದರೆ ಬ್ರಷ್ಷು ಒದ್ದೆಯಾಗಿದೆಯೇ ನೋಡಿ. ಮೇಜಿನ ಕೆಳಗೆ ಕೂತು ಓದುತ್ತಾಳೆ, ಬೈಯಬೇಡಿ, ಒಂದು ದಿಂಬು ಹಾಕಿಬಿಡಿ. ಹೊದಿಕೆ ಒದೆಯುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ಏನು ಕೇಳಿದರೂ ಇಲ್ಲ ಎನ್ನುತ್ತಾಳೆ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಅವಳ ತಲೆಯ ಮೇಲೆ ಕೈಯಿಟ್ಟು ಹರಸುವಾಗ ಒಂದು ಬೆರಳು ನನ್ನ ಪಾಲಿಗೂ ಇರಲಿ.

ಇಂದಿಗೂ ನಿಮ್ಮವಳೇ ಆದ,
ಸೊಸೆ

ಮರೆತ ಮಾತು —

ಭಾನುವಾರ. ಈ ಕಾಗದವನ್ನು ಅವಳ ಚೀಲದಲ್ಲಿ ಇಡಲಿಲ್ಲ, ಅಂಚೆಗೇ ಹಾಕುತ್ತಿದ್ದೇನೆ.

ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋದವಳು ಆವತ್ತಿನ ಗಗನಸಖಿಯೇ. ಮಿಡತೆಯನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ನನ್ನ ಸಹಿಗೆಂದು ಬಾಗಿಲಿನವರೆಗೆ ವಾಪಸ್ಸು ಬಂದಳು. ಮಿಡತೆಯ ಚೀಲದಲ್ಲಿಡಲು ಅವಳ ಕೈಗೆ ಕೊಡೋಣವೆಂದು ನಾನು ಕಾಗದವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. "ಮೇಡಂ, ಇವತ್ತು ಯಾಕೋ ತುಂಬಾ ಸಪ್ಪಗಿದ್ದಾಳೆ" ಎಂದಳು. "ಆವತ್ತು ತಿರುಗಿದಾಗ ನೋಡಬೇಕಿತ್ತು ನೀವು. ದೊಡ್ಡವರೆಲ್ಲ ಗೊಣಗ್ತಾ ಕೂತಿದ್ರೆ ಇವಳೊಬ್ಬಳಿಗೆ ಹಬ್ಬ. ಸಾಲು ಸಾಲಿಗೂ ಹೋಗಿ ಹೇಳಿದ್ಲು: ನಮ್ಮಮ್ಮ ನನ್ನ ವಾಪಸ್ ಕರೆಸ್ಕೊಂಡ್ಲು, ಅವಳಿಗೆ ನನ್ನ ಬಿಟ್ಟಿರೋಕ್ಕಾಗಲ್ಲ, ಹೋಗು ಅಂದಿದ್ದು ಸುಮ್ನೆ ಅಂತ. ಇಳಿಯೋವರೆಗೂ ಕೂತ್ಕೊಳ್ಳಲೇ ಇಲ್ಲ. ಮುಖ ಕೆಂಪಗೆ ಮಾಡ್ಕೊಂಡು, ಇಡೀ ದಾರಿ ನಗು."

ನಾನು ಸಹಿ ಮಾಡಿದೆ. ಅವಳು ಒಳಗೆ ಹೋದಳು, ಬಾಗಿಲು ಹಾಕಿದರು.

ಅತ್ತೆ, ಒಂದು ವಾರ ಕಷ್ಟಪಟ್ಟು, ಸಾಕ್ಷಿ ಸಮೇತ, ಅವಳ ಕೈಯಿಂದ ಅದನ್ನು ಕಿತ್ತುಕೊಂಡೆ. ಯಾರು ಕೂತಿದ್ದರೂ ಎಂದು ಎರಡು ಸಲ ಹೇಳಿದೆ.

ಮನೆಗೆ ಬಂದು ಫೋನಿನಲ್ಲಿ ಅವಳಿಗೆ ಏನು ಹೇಳಬೇಕೆಂದು ಬರೆದು ನೋಡುತ್ತಿದ್ದೇನೆ. ಪ್ರತಿ ಸಲವೂ ವಿವರಣೆಯೇ ಆಗುತ್ತಿದೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಾನು ಹೇಳಿರದಿದ್ದರೆ ನೀವು ಅವಳಿಗೆ ಹೇಳಿ. ಲೆಕ್ಕ ಏನೇ ಬಂದಿರಲಿ, ನಕ್ಷೆಯ ಮೇಲೆ ಆ ಗುರುತು ಮೂಗು ತಿರುಗಿಸಿದಾಗ ನಿಮ್ಮಮ್ಮ ಮೇಜಿನ ಕೆಳಗೆ ತನ್ನ ಕೈಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು ಬಾ, ಬಾ ಎನ್ನುತ್ತಿದ್ದಳು ಎಂದು ಹೇಳಿ. ನಿಮ್ಮ ಬಾಯಲ್ಲಿ ಅದು ವಿವರಣೆಯ ಹಾಗೆ ಕೇಳಿಸುವುದಿಲ್ಲ.

ಈಗ ಮಧ್ಯಾಹ್ನ. ಮೋಡಣ್ಣನಿಗೆ ಫೋನು ಮಾಡಿ ಕೇಳಿದೆ. ಇವತ್ತು ಗಾಳಿ ಬಹಳ ಕಡಿಮೆಯಂತೆ. ಬೇಗ ತಲುಪುತ್ತಾಳೆ.